ಹತ್ತೊಂಬತ್ತಕ್ಕೂ ಇಪ್ಪತ್ತಕ್ಕೂ ನಡುವೆ ಚಿಕ್ಕಪ್ಪನ ಬಲಗೈ

ಮೂರು ಸಹಿ ಸರಿಯಾಗಿ ಬಂತು. ನಾಲ್ಕನೆಯದು ಸೊಟ್ಟಗಾಯಿತು. ಐದನೆಯದಕ್ಕೆ ಚಿಕ್ಕಪ್ಪ ಪೆನ್ನು ಕೆಳಗಿಟ್ಟು, ಬಲಗೈ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಸುಮ್ಮನೆ ಕೂತುಬಿಟ್ಟರು. ನೋಟರಿಯವರು ಕನ್ನಡಕದ ಮೇಲಿಂದ ನೋಡಿ, "ಏನ್ರೀ ಇದು, ಮೊದಲನೇ ಪುಟದ ಸಹಿಗೂ ಇದಕ್ಕೂ ತಾಳೆನೇ ಆಗ್ತಿಲ್ಲ. ಒಂದೇ ಥರ ಹಾಕ್ರಿ" ಅಂದರು. ಆ ಮನುಷ್ಯನ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಗೊತ್ತಿರಲಿಲ್ಲ. ಆದರೆ ಚಿಕ್ಕಪ್ಪ "ಸಾರಿ ಸರ್" ಅಂದರಲ್ಲ, ಆ ಮಾತು ಮಧ್ಯಾಹ್ನದಿಂದ ನನ್ನನ್ನು ಬಿಟ್ಟಿಲ್ಲ. 24 ವರ್ಷ ಸೇನೆಯಲ್ಲಿದ್ದು ಬಂದ ಹವಾಲ್ದಾರ್ ತನ್ನ ಕೈ ಕೆಟ್ಟಿದೆ ಅಂತ ಹೇಳಿ ಡಿಸಬಿಲಿಟಿ (ಅಂಗವೈಕಲ್ಯ) ಪೆನ್ಷನ್ ಕೇಳುವ ಅರ್ಜಿಗೆ ಸಹಿ ಹಾಕಲಾಗದೆ ಕ್ಷಮೆ ಕೇಳಿದರು.

ಮನೆಗೆ ಬಂದು ಇದನ್ನು ಬರೀತಾ ಇದ್ದೀನಿ. ಉದ್ದ ಆಗುತ್ತೆ. ಓದುವ ವ್ಯವಧಾನ ಇದ್ದವರು ಓದಿ.

ನನ್ನನ್ನು ಬಲ್ಲವರಿಗೆ ಚಿಕ್ಕಪ್ಪ ಗೊತ್ತು. ಅಪ್ಪ ಹೋದ ಮೇಲೆ ನನ್ನ ಫಿಸಿಯೋಥೆರಪಿ ಓದಿಗೆ ಫೀಸು ಕಟ್ಟಿದವರು ಅವರೇ. ರಜೆಗೆ ಬಂದಾಗ ಹಾಸ್ಟೆಲ್ ಗೇಟಿನ ಹತ್ತಿರ ಕ್ಯಾಂಟೀನ್ ಸಾಮಾನಿನ ಚೀಲ ಹಿಡಿದು ನಿಂತಿರುತ್ತಿದ್ದರು. ಈಗ ತಿಪಟೂರು ಕಡೆಯ ನಮ್ಮ ಊರಲ್ಲಿ ಸ್ವಲ್ಪ ತೆಂಗು, ಎರಡು ಹಸು ಇಟ್ಟುಕೊಂಡಿದ್ದಾರೆ. 1998ರಲ್ಲಿ ಸೇರಿದವರು, 2022ರ ಫೆಬ್ರವರಿಯಲ್ಲಿ ನಿವೃತ್ತರಾದರು.

ಕೈ ಕೆಟ್ಟದ್ದು 2011ರ ಚಳಿಗಾಲದಲ್ಲಿ, ಕಾಶ್ಮೀರದ ಎತ್ತರದ ಒಂದು ಪೋಸ್ಟಿನಲ್ಲಿ. ಸೀಮೆಎಣ್ಣೆ ಕ್ಯಾನ್ ಹೊತ್ತು ಇಳಿಯುವಾಗ ಮಂಜುಗಡ್ಡೆ ಮೇಲೆ ಕಾಲು ಜಾರಿತು. ಬೀಳುವವರು ಯಾರಾದರೂ ಮಾಡುವ ಹಾಗೆ ಅಂಗೈ ಊರಿದರು. ಎಂ.ಐ. ರೂಮಿನಲ್ಲಿ, ಅಂದರೆ ಸೇನೆಯ ಸಣ್ಣ ದವಾಖಾನೆಯಲ್ಲಿ, ಉಳುಕು ಅಂತ ಕ್ರೇಪ್ ಬ್ಯಾಂಡೇಜ್ ಕಟ್ಟಿ ನೋವಿನ ಮಾತ್ರೆ ಕೊಟ್ಟರು. ದಾರಿ ಮುಚ್ಚಿತ್ತು. ಮೂರು ವಾರದ ಮೇಲೆ ಕೆಳಗಿಳಿದು ಎಕ್ಸ್‌ರೇ ತೆಗೆಸಿದಾಗ ಸ್ಕ್ಯಾಫಾಯ್ಡ್ ಮೂಳೆ ಮುರಿದಿರೋದು ಕಂಡಿತು.

ಈ ಮೂಳೆಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು, ನನ್ನ ಕೆಲಸವೇ ಇದು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅದರಲ್ಲಿ ಸ್ಕ್ಯಾಫಾಯ್ಡ್ ಹೆಬ್ಬೆರಳಿನ ಕಡೆಗಿರುವುದು, ಗೋಡಂಬಿಯಷ್ಟು ಗಾತ್ರ. ಇದಕ್ಕೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಹಿಂದಕ್ಕೆ ಹರಿದು ಬರುತ್ತೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ನಿಂತುಹೋಗಬಹುದು. ಆಗ ಮೂಳೆ ಕೂಡುವುದಿಲ್ಲ, ತುಂಡು ಒಳಗೇ ಸಾಯುತ್ತೆ, ವರ್ಷಗಳು ಕಳೆದ ಹಾಗೆ ಪಕ್ಕದ ಕೀಲುಗಳೂ ಸವೆಯುತ್ತವೆ. ಬಿದ್ದ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಎಷ್ಟೋ ಸಲ ಕಾಣುವುದೇ ಇಲ್ಲ. ಅದಕ್ಕೇ ಅನುಮಾನ ಇದ್ದರೆ ಪ್ಲಾಸ್ಟರ್ ಹಾಕಿ, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೀಬೇಕು ಅಂತ ಎಲ್ಲರಿಗೂ ಪಾಠ ಮಾಡುತ್ತಾರೆ. ಚಿಕ್ಕಪ್ಪ ಆ ಮೂರು ವಾರವೂ ಕ್ರೇಪ್ ಬ್ಯಾಂಡೇಜ್ ಕಟ್ಟಿದ ಕೈಯಲ್ಲೇ ಸಲಿಕೆ ಹಿಡಿದು ಹಿಮ ಎತ್ತಿದ್ದರು. ಆಮೇಲೆ ಸ್ಕ್ರೂ ಹಾಕಿದರು. ಮೂಳೆ ಕೂಡಲಿಲ್ಲ.

ಅಲ್ಲಿಂದ ಮುಂದೆ ಅವರು ಕೆಳ ಮೆಡಿಕಲ್ ಕೆಟಗರಿ, ಅಂದರೆ ಪೂರ್ತಿ ಆರೋಗ್ಯವಂತರ ಸಾಲಿನಿಂದ ಹೊರಗೆ. ಸೇನೆಯಲ್ಲಿ ಆರೋಗ್ಯವನ್ನು 'ಶೇಪ್' ಅನ್ನುವ ಐದು ಅಕ್ಷರಗಳಲ್ಲಿ ಅಳೆಯುತ್ತಾರೆ, ಅದರಲ್ಲಿ 'ಎ' ಅಂದರೆ ಕೈಕಾಲು. ಇನ್ನು ಹನ್ನೊಂದು ವರ್ಷ ಅದೇ ಕೈ ಇಟ್ಟುಕೊಂಡು ಸ್ಟೋರ್ ಲೆಡ್ಜರ್ ಬರೆದರು, ಬರೆದರು, ಬರೆದರು.

2022ರಲ್ಲಿ ಬಿಡುಗಡೆಯ ಮೆಡಿಕಲ್ ಬೋರ್ಡ್, ಅಂದರೆ ಸೇವೆ ಬಿಡುವಾಗ ಪರೀಕ್ಷಿಸುವ ಸೇನೆಯ ಡಾಕ್ಟರುಗಳ ಮಂಡಳಿ. ಗಾಯ ಸೇವೆಯಿಂದಲೇ ಆದದ್ದು ಅಂತ ಬೋರ್ಡ್ ಒಪ್ಪಿತು. ಬಿದ್ದಾಗಿನ ಗಾಯದ ವರದಿ ಕಡತದಲ್ಲಿತ್ತು, ಒಪ್ಪದೆ ಇರುವ ಹಾಗಿರಲಿಲ್ಲ. ಸುಮಾರು ಜನಕ್ಕೆ ಈ ಮೊದಲ ಮೆಟ್ಟಿಲೇ ಸಿಗುವುದಿಲ್ಲ. 'ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ' ಅಂತ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುವುದು ಅಷ್ಟು ಸಾಮಾನ್ಯ. 2013ರಲ್ಲಿ ಸುಪ್ರೀಂ ಕೋರ್ಟ್ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಇದಕ್ಕೆ ತಕ್ಕ ಉತ್ತರ ಕೊಟ್ಟಿದೆ: ಸೇರುವಾಗ ದೋಷ ಬರೆದಿಟ್ಟಿಲ್ಲ ಅಂದರೆ ಆ ಸೈನಿಕ ಆರೋಗ್ಯವಾಗಿಯೇ ಸೇರಿದ ಅಂತ ತಿಳಿಯಬೇಕು, ಸೇವೆಗೆ ಸಂಬಂಧವಿಲ್ಲ ಅಂತ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಅನುಮಾನ ಬಂದರೆ ಅದರ ಲಾಭ ಸೈನಿಕನಿಗೆ. ನಮ್ಮ ಜಗಳ ಅಲ್ಲಿಲ್ಲ. ನಮ್ಮ ಜಗಳ ಪಕ್ಕದ ಕಾಲಮ್ಮಿನ ಅಂಕಿಯ ಜೊತೆ.

ಅಂಗವೈಕಲ್ಯ: ಶೇಕಡಾ 15–19.

ಡಿಸಬಿಲಿಟಿ ಪೆನ್ಷನ್ನಿಗೆ ಬೇಕಾದ ಕನಿಷ್ಠ 20.

ಆ ಬೋರ್ಡಿನಲ್ಲಿ ಏನು ಮಾಡಿದರು ಅಂತ ಚಿಕ್ಕಪ್ಪನನ್ನು ನಾನು ಎಷ್ಟೋ ಸಲ ಕೇಳಿದ್ದೀನಿ. ಪ್ರತಿ ಸಲವೂ ಅದೇ ಉತ್ತರ. "ಮುಷ್ಟಿ ಕಟ್ಟು ಅಂದ್ರು, ಕಟ್ದೆ. ಬಿಚ್ಚು ಅಂದ್ರು, ಬಿಚ್ಚಿದೆ. ಕೈ ಮೇಲಕ್ಕೆ ಮಡಚು, ಕೆಳಕ್ಕೆ ಮಡಚು ಅಂದ್ರು. ಅಷ್ಟೇ ಪುಟ್ಟಿ." ಒಂದು ಸಲ. ಮೂರು ಸಹಿ ಹಾಕುವಷ್ಟು ಹೊತ್ತು. ನಾಲ್ಕನೇ ಸಹಿಯನ್ನು ಆ ಕೋಣೆಯಲ್ಲಿ ಯಾರೂ ನೋಡಲಿಲ್ಲ.

ಕಳೆದ ತಿಂಗಳು ನನ್ನ ಕ್ಲಿನಿಕ್ಕಿನಲ್ಲಿ ನಾನೇ ಅಳೆದೆ. ಮುಷ್ಟಿಯ ಬಲ ಅಳೆಯುವ ಡೈನಮೋಮೀಟರ್ ಕೊಟ್ಟು ಹತ್ತು ಸಲ ಹಿಸುಕಿಸಿದೆ. ಎಡಗೈ ಮೊದಲ ಸಲ 39 ಕಿಲೋ, ಹತ್ತನೇ ಸಲ 36. ಬಲಗೈ ಮೊದಲ ಸಲ 18, ಹತ್ತನೇ ಸಲ 9. ಬಲಗೈ ಬಳಸುವವರಲ್ಲಿ ಸಾಧಾರಣವಾಗಿ ಬಲಗೈ ಮುಷ್ಟಿಯೇ ಸ್ವಲ್ಪ ಗಟ್ಟಿ ಇರುತ್ತೆ. ಇಲ್ಲಿ ಅದು ಎಡಗೈಯ ಅರ್ಧದಿಂದ ಶುರುವಾಗಿ ಕಾಲುಭಾಗಕ್ಕೆ ಬಂದು ನಿಂತಿತು. ಹಾಲು ಕರೆಯುವವರಿಗೆ ಈ ಹತ್ತನೇ ಸಲ ಅಂದರೇನು ಗೊತ್ತು. ಕೆಚ್ಚಲು ಹಿಡಿದು ಒಂದು ಸಲ ಹಿಂಡಿ ಎದ್ದು ಬರೋಕಾಗುತ್ತಾ? ಚಿಕ್ಕಪ್ಪ ಎಡಗೈಯಲ್ಲಿ ಅರ್ಧ ಕರೆದು ಉಳಿದದ್ದಕ್ಕೆ ಚಿಕ್ಕಮ್ಮನನ್ನು ಕೂಗುತ್ತಾರೆ. ಕಾಯಿ ಸುಲಿಯುವುದನ್ನು ಬಿಟ್ಟೇ ಬಿಟ್ಟಿದ್ದಾರೆ, ಕೂಲಿ ಕೊಟ್ಟು ಮಾಡಿಸುತ್ತಾರೆ. ಬೆಂಗಳೂರಲ್ಲಿ ಒಂದು ಸೆಕ್ಯುರಿಟಿ ಏಜೆನ್ಸಿ ಗನ್‌ಮ್ಯಾನ್ ಕೆಲಸಕ್ಕೆ ಕರೆದಿತ್ತು. 12 ಬೋರ್ ಬಂದೂಕು ಕೈಗೆ ಕೊಟ್ಟು ಹತ್ತು ನಿಮಿಷ ನಿಲ್ಲಿಸಿ ನೋಡಿದರು, ಬೇಡ ಅಂದರು. ಏಜೆನ್ಸಿಯವರಿಗೆ ಹತ್ತು ನಿಮಿಷದಲ್ಲಿ ತಿಳಿದದ್ದು ಅದು.

ಈಗ ಲೆಕ್ಕ ಕೇಳಿ. ನನ್ನ ಹೊಟ್ಟೆ ಉರಿಯುವುದು ಇಲ್ಲೇ.

ಚಿಕ್ಕಪ್ಪ ನಿವೃತ್ತರಾದಾಗಿನ ನಿಯಮದಲ್ಲಿ, ನೂರಕ್ಕೆ ನೂರು ಅಂಗವೈಕಲ್ಯ ಇದ್ದರೆ ಪೆನ್ಷನ್ನಿನ ಜೊತೆಗೆ ಕೊನೆಯ ಸಂಬಳದ ಶೇ 30 ಹೆಚ್ಚುವರಿಯಾಗಿ ಸಿಗುತ್ತೆ. ಕಡಿಮೆ ಇದ್ದರೆ ಅದೇ ಪ್ರಮಾಣದಲ್ಲಿ ಕಡಿಮೆ. ಐದನೇ ವೇತನ ಆಯೋಗದ ಶಿಫಾರಸಿನಂತೆ 1996ರ ಜನವರಿಯಿಂದ ಒಂದು ಒಳ್ಳೆಯ ಬದಲಾವಣೆ ಬಂತು: 20ರಿಂದ 50ರೊಳಗೆ ಎಷ್ಟೇ ಇದ್ದರೂ ಅದನ್ನು 50 ಅಂತ ಎಣಿಸುವುದು, ಅದರ ಮೇಲೆ 75ರವರೆಗಿನದನ್ನು 75 ಅಂತ, ಅದಕ್ಕೂ ಮೇಲಿನದನ್ನು 100 ಅಂತ. ಮೊದಲು ಇದು ಅನಾರೋಗ್ಯದ ಕಾರಣ ನಡುವೆಯೇ ಮನೆಗೆ ಕಳಿಸಿದವರಿಗೆ ಮಾತ್ರ ಇತ್ತು. 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವಧಿ ಮುಗಿಸಿ ನಿವೃತ್ತರಾದವರಿಗೂ ಅನ್ವಯ ಅಂತ ಹೇಳಿತು.

ಕೊನೆಯ ಸಂಬಳ 50,000 ಅಂತ ಇಟ್ಟುಕೊಳ್ಳಿ. ಬೋರ್ಡ್ 20 ಅಂತ ಬರೆದರೆ ಅದು 50 ಆಗುತ್ತೆ, ತಿಂಗಳಿಗೆ 7,500 ರೂಪಾಯಿ, ಮೇಲೆ ತುಟ್ಟಿಭತ್ಯೆ, ಬದುಕಿರುವವರೆಗೆ. ಬೋರ್ಡ್ 19 ಅಂತ ಬರೆದರೆ ಸೊನ್ನೆ. 19ನ್ನು 20 ಮಾಡಿ ಆಮೇಲೆ 50 ಮಾಡಿ ಅಂತ ಕೇಳುವ ಹಾಗೂ ಇಲ್ಲ. 2019ರಲ್ಲಿ ವಿಂಗ್ ಕಮಾಂಡರ್ ರಾಥೋರ್ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್ 20ಕ್ಕಿಂತ ಕಡಿಮೆಯಾದರೆ ಈ ಲೆಕ್ಕವೇ ಬರುವುದಿಲ್ಲ ಅಂದುಬಿಟ್ಟಿದೆ.

ಅಲ್ಲ, ಈ 50, 75, 100ರ ಪದ್ಧತಿ ತಂದದ್ದು ಯಾಕೆ? ಒಬ್ಬ ಡಾಕ್ಟರ ಅಂದಾಜಿಗೂ ಇನ್ನೊಬ್ಬರ ಅಂದಾಜಿಗೂ ವ್ಯತ್ಯಾಸ ಬರುತ್ತೆ, ಸೈನಿಕನಿಗೆ ಅದರಿಂದ ಅನ್ಯಾಯ ಆಗಬಾರದು ಅಂತ. ಸರಿಯಾದ ಮಾತು. ಮಣಿಕಟ್ಟು ಎಷ್ಟು ಡಿಗ್ರಿ ಬಾಗುತ್ತೆ ಅಂತ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಕೈ ಅಳೆದರೆ ನಮ್ಮಿಬ್ಬರ ನಡುವೆ ಐದು ಡಿಗ್ರಿ ಹೆಚ್ಚುಕಮ್ಮಿ ಬರುತ್ತೆ, ದಿನಾ ನೋಡ್ತೀವಿ. ಹಾಗಿದ್ದ ಮೇಲೆ 22ಕ್ಕೂ 45ಕ್ಕೂ ನಡುವೆ ಅಂದಾಜು ಏರುಪೇರಾಗಬಹುದು ಅಂತ ಒಪ್ಪುವ ಸರ್ಕಾರ, 19ಕ್ಕೂ 20ಕ್ಕೂ ನಡುವಿನ ಗೆರೆಯನ್ನು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನೋಡೋದು ಹೇಗೆ? ಅದೂ '15–19' ಅನ್ನುವುದು ಒಂದು ಅಂಕಿಯೂ ಅಲ್ಲ. ಹದಿನೈದೋ ಹತ್ತೊಂಬತ್ತೋ ಅಂತ ಬರೆದವರೇ ಖಚಿತ ಮಾಡಿಲ್ಲ. ಅದರಾಚೆ ಒಂದೇ ಒಂದು ಅಂಕಿ ಇರೋದಿಲ್ಲ ಅಂತ ಮಾತ್ರ ಖಚಿತ!

ಬೆರಳು ಕತ್ತರಿಸಿಹೋಗಿದ್ದರೆ ಮಾತೇ ಬೇರೆ ಇರುತ್ತಿತ್ತು. ಕಾರ್ಖಾನೆ ಕಾರ್ಮಿಕರ 1923ರ ಪರಿಹಾರ ಕಾಯ್ದೆಯಲ್ಲಿದ್ದ ಪಟ್ಟಿ ತೆಗೆದು ನೋಡಿ: ಹೆಬ್ಬೆರಳು ಹೋದರೆ ಶೇ 30, ಒಂದು ಕೈಯ ಎರಡು ಬೆರಳು ಹೋದರೆ 20, ತೋರುಬೆರಳೊಂದು ಪೂರ್ತಿ ಹೋದರೆ 14. ನೂರು ವರ್ಷದಿಂದ ನಮ್ಮ ಕಾನೂನಿಗೆ ಕೈ ಅಂದರೆ ಎಣಿಸುವ ವಸ್ತು. ಎಷ್ಟು ಉಳಿದಿದೆ, ಎಷ್ಟು ಹೋಗಿದೆ. ಚಿಕ್ಕಪ್ಪನ ಕೈಯಲ್ಲಿ ಐದೂ ಬೆರಳಿದೆ. ಅವು ಸುಖವಾಗಿವೆ ಅಂತ ನೋಡಿದವರಿಗೆ ಅನ್ನಿಸುತ್ತೆ. ಆ ಐದೂ ಬೆರಳಿಗೆ ಬಲ ಕೊಡುವ ಬುಡವೇ ಸವೆದಿದೆ ಅನ್ನೋದು ಕಣ್ಣಿಗೆ ಕಾಣುವುದಿಲ್ಲ.

ಒಂದು ವಿಷಯ ಇಲ್ಲಿ ಹೇಳಿಕೊಳ್ಳಲೇಬೇಕು. ಇದುವರೆಗೂ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

2022ರ ಮಧ್ಯದಲ್ಲಿ ಡಿಸಬಿಲಿಟಿ ಪೆನ್ಷನ್ ತಿರಸ್ಕರಿಸಿದ ಪತ್ರ ಬಂದಾಗ ಚಿಕ್ಕಪ್ಪ ಅದನ್ನು ತಂದುಕೊಟ್ಟದ್ದು ನನ್ನ ಕೈಗೆ. "ನೀನು ಓದ್ದೋಳು, ಏನಿದೆ ನೋಡವ್ವ" ಅಂದರು. ನೋಡಿದೆ. 15–19 ಕಂಡಿತು, 20 ಬೇಕು ಅಂತ ಕಂಡಿತು. "ಇದು ಆಗಲ್ಲ ಚಿಕ್ಕಪ್ಪ, ನಿಯಮನೇ ಹಾಗಿದೆ" ಅಂತ ಹೇಳಿ ನನ್ನ ಮೇಜಿನ ಡ್ರಾಯರಿನಲ್ಲಿ ಇಟ್ಟೆ. ಕೆಳಗೆ ಕೊನೆಯ ಸಾಲಿನಲ್ಲಿ ಆರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು ಅಂತ ಇತ್ತು. ಅದನ್ನು ನಾನು ಓದಿಯೂ ಓದಲಿಲ್ಲ. ಆಗಷ್ಟೇ ಕ್ಲಿನಿಕ್ ತೆರೆದಿದ್ದೆ, ಸಾಲ ಇತ್ತು, ಪುರುಸೊತ್ತಿರಲಿಲ್ಲ. ದಿನಾ ಹತ್ತು ಜನರ ಮಣಿಕಟ್ಟು ಹಿಡಿದು ನೋಡುವವಳು ನನ್ನ ಫೀಸು ಕಟ್ಟಿದ ಕೈಯನ್ನು ಒಂದು ಸಲವೂ ಹಿಡಿದು ನೋಡಲಿಲ್ಲ. ಮುಂದಿನ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅವರು ಬಾವಿಕಟ್ಟೆ ಹತ್ತಿರ ತುಂಬಿದ ಕೊಡವನ್ನು ಮೊಣಕೈಗೆ ಆನಿಸಿಕೊಂಡು ತರುವುದು ಕಂಡಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಂಗಳೂರಿಗೆ ಬಂದವಳೇ ಡ್ರಾಯರ್ ತೆಗೆದೆ. ತಡವಾದದ್ದಕ್ಕೆ ಕಾರಣ ಬರೆದು ಮೊದಲ ಮೇಲ್ಮನವಿ ಕಳಿಸಿದೆವು. ಮರುವರ್ಷ ಅದು ವಜಾ. ಎರಡನೆಯದನ್ನು ಕಳಿಸಿದೆವು. ಅದೂ ವಜಾ. ಎರಡು ಸಲವೂ ಚಿಕ್ಕಪ್ಪನ ಕೈಯನ್ನು ಯಾರೂ ನೋಡಲಿಲ್ಲ, ಕಡತ ನೋಡಿದರು. ಕಡತದಲ್ಲಿ 15–19 ಅಂತಲೇ ಇತ್ತು.

ನನ್ನ ತಪ್ಪಿಗೆ ಬೆಲೆಯೂ ಇದೆ. ಇನ್ನು ಮುಂದೆ ಗೆದ್ದರೂ ಹಿಂದಿನ ಬಾಕಿ ಸಾಮಾನ್ಯವಾಗಿ ಟ್ರಿಬ್ಯುನಲ್ಲಿಗೆ (ಸೈನಿಕರ ಪ್ರಕರಣ ಕೇಳುವ ನ್ಯಾಯಮಂಡಳಿಗೆ) ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕಷ್ಟೇ ಸಿಗುವುದು, ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನಿಂದ ಬಂದ ಮಿತಿ ಅದು. ಅದಕ್ಕೂ ಹಿಂದಿನ ತಿಂಗಳುಗಳು ನನ್ನ ಡ್ರಾಯರಿನಲ್ಲಿ ಹೋದವು. ಚಿಕ್ಕಪ್ಪ ಇದರ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು.

ಯಾರಾದರೂ ಹೇಳುತ್ತೀರಿ, ಗೊತ್ತು: "ಈ ಡಿಸಬಿಲಿಟಿ ಪೆನ್ಷನ್ ಎಷ್ಟೊಂದು ಜನ ದುರುಪಯೋಗ ಮಾಡ್ಕೋತಾರೆ. ದೊಡ್ಡ ಅಧಿಕಾರಿಗಳು ನಿವೃತ್ತಿ ಹತ್ತಿರ ಬಂದಾಗ ಬಿಪಿ, ಶುಗರ್ ಅಂತ ಬರೆಸಿಕೊಳ್ತಾರೆ." ಹೌದು, ಸಾಮಾನ್ಯ ಸೈನಿಕರಿಗಿಂತ ಅಧಿಕಾರಿಗಳಲ್ಲಿ ಇದನ್ನು ಪಡೆಯುವವರ ಪ್ರಮಾಣ ಹೆಚ್ಚು ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಎತ್ತಿ ತೋರಿಸಿದೆ. 2023ರ ಸೆಪ್ಟೆಂಬರಿನಲ್ಲಿ ನಿಯಮಗಳನ್ನೂ ಹೊಸದಾಗಿ ಬರೆದರು. ತಪ್ಪು ಮಾಡುವವರನ್ನು ಹಿಡಿಯಲಿ, ನಾನು ಬೇಡ ಅನ್ನಲ್ಲ. ಆದರೆ ಮೂಳೆಯೊಳಗಿನ ಸ್ಕ್ರೂವನ್ನು ಯಾರೂ ಬರೆಸಿಕೊಳ್ಳೋಕಾಗಲ್ಲ. ಎಕ್ಸ್‌ರೇಯಲ್ಲಿ ಅದು ಬೆಳ್ಳಗೆ ಹೊಳೆಯುತ್ತೆ, ಪಕ್ಕದಲ್ಲಿ ಕೂಡದೆ ಉಳಿದ ಬಿರುಕು ಕಪ್ಪಗೆ ಕಾಣುತ್ತೆ. ಯಾರೋ ಸುಳ್ಳು ಹೇಳಿದ್ದಕ್ಕೆ ಹವಾಲ್ದಾರನ ಮುರಿದ ಮೂಳೆಯನ್ನು ಅನುಮಾನಿಸುವುದು ಯಾವ ನ್ಯಾಯ?

"ಪೆನ್ಷನ್ ಬರ್ತಿದೆಯಲ್ಲ, ಇನ್ನೇನು" ಅನ್ನುವವರೂ ಇದ್ದಾರೆ, ನಮ್ಮ ನೆಂಟರಲ್ಲೇ. ಆ ಪೆನ್ಷನ್ 24 ವರ್ಷದ ದುಡಿಮೆಗೆ. ಕೈಗೆ ಅಲ್ಲ.

ಅಮೆರಿಕದಲ್ಲಿರುವ ನನ್ನ ಕ್ಲಾಸ್‌ಮೇಟ್ ಅಲ್ಲಿನ ಮಾಜಿ ಸೈನಿಕರಿಗೆ ಕೈಯ ವ್ಯಾಯಾಮ ಮಾಡಿಸುತ್ತಾಳೆ. ಮೊನ್ನೆ ಫೋನಿನಲ್ಲಿ ಅಲ್ಲಿನ ಪದ್ಧತಿ ಕೇಳಿ ತಿಳಿದುಕೊಂಡೆ. ಅಲ್ಲಿ ಎಲ್ಲ ಚಿನ್ನ ಅಂತ ಅಲ್ಲ, ಅಲ್ಲೂ ಮೇಲ್ಮನವಿಗಳು ವರ್ಷಗಟ್ಟಲೆ ಎಳೆಯುತ್ತವಂತೆ. ಮಣಿಕಟ್ಟಿನ ಬಾಗುವಿಕೆ ಕಡಿಮೆಯಾದದ್ದಕ್ಕೆ ಅಲ್ಲಿ ಕೊಡುವುದು ಶೇ 10 ಅಷ್ಟೇ. ಆದರೆ ಅಲ್ಲಿ ಹಣ ಶುರುವಾಗುವುದೇ 10ರಿಂದ. ಮಣಿಕಟ್ಟು ಪೂರ್ತಿ ಬಿಗಿದುಕೊಂಡಿದ್ದರೆ ಹೆಚ್ಚು ಬಳಸುವ ಕೈಗೆ 30ರಿಂದ 50, ಇನ್ನೊಂದು ಕೈಗೆ 20ರಿಂದ 40. ಯಾವ ಕೈಯಲ್ಲಿ ಬರೀತೀಯ, ಯಾವ ಕೈಯಲ್ಲಿ ಉಣ್ತೀಯ ಅಂತ ಕಾನೂನೇ ಕೇಳುತ್ತೆ! ಇನ್ನೊಂದು, ಅಲ್ಲಿನ ಕೋರ್ಟಿನ 1995ರ ಡಿಲೂಕಾ ತೀರ್ಪು ಬಂದ ಮೇಲೆ, ನೋವಿನಿಂದ ಎಷ್ಟು ಕೆಲಸ ನಿಲ್ಲುತ್ತೆ, ನೋವು ಕೆರಳಿದಾಗ ಕೀಲು ಎಷ್ಟು ಸೋಲುತ್ತೆ ಅನ್ನೋದನ್ನೂ ಪರೀಕ್ಷಿಸುವವರು ಬರೆಯಬೇಕು. ಅಂದರೆ ನಾಲ್ಕನೇ ಸಹಿಯನ್ನೂ ನೋಡಬೇಕು. ನಾನು ಕೇಳ್ತಾ ಇರೋದು ಅದೊಂದೇ.

ಈಗ ಉಳಿದಿರುವುದು ಸಶಸ್ತ್ರ ಪಡೆಗಳ ಟ್ರಿಬ್ಯುನಲ್. 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ಕೆಲಸ ಮಾಡ್ತಿದೆ. ಕರ್ನಾಟಕದ ಪ್ರಕರಣಗಳು ಸೇರುವುದು ಕೊಚ್ಚಿ ಪೀಠಕ್ಕೆ. ಹಲಸೂರು ಕೆರೆ ಪಕ್ಕ ಮದ್ರಾಸ್ ಎಂಜಿನಿಯರ್ ಗ್ರೂಪ್, ಇನ್ನೊಂದು ಕಡೆ ಸೇನೆಗೆ ಸರಬರಾಜು ಮಾಡುವ ಎಎಸ್‌ಸಿಯ ಸೆಂಟರ್, ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಮಿಲಿಟರಿ ಪೊಲೀಸ್ ಕೇಂದ್ರ, ಇಷ್ಟೆಲ್ಲ ಇರುವ ಊರು ಬೆಂಗಳೂರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ರಸ್ತೆ ಇಲ್ಲಿದೆ, ಅದೇ ಹೆಸರಿನ ಭವನದಲ್ಲಿ ಸೈನಿಕ ಕಲ್ಯಾಣ ಇಲಾಖೆ ಇದೆ. ತಿಪಟೂರಿನ ಹವಾಲ್ದಾರ್ ಮಾತ್ರ ತನ್ನ ಕೈ ತೋರಿಸೋಕೆ ಇಲ್ಲಿಗೆ ಬಂದು, ಇಲ್ಲಿಂದ ರಾತ್ರಿಯಿಡೀ ರೈಲಿನಲ್ಲಿ ಕೂತು ಕೊಚ್ಚಿಗೆ ಹೋಗಬೇಕು. ವಕೀಲರ ಫೀಸು, ಲಾಡ್ಜು, ಊಟ. ಹಸು ನೋಡಿಕೊಳ್ಳುವವರಿಗೆ ಕೂಲಿ.

ನಮ್ಮ ಕೋರಿಕೆ ಸಣ್ಣದು. ಹೊಸದಾಗಿ ಮೆಡಿಕಲ್ ಬೋರ್ಡ್ ಕೂರಿಸಿ, ಕೈಯನ್ನು ಮತ್ತೆ ಪರೀಕ್ಷಿಸಿ. ಟ್ರಿಬ್ಯುನಲ್ ಹಾಗೆ ಆದೇಶ ಮಾಡಿದ ಪ್ರಕರಣಗಳಿವೆ ಅಂತ ವಕೀಲರು ಹೇಳಿದ್ದಾರೆ. ಬಾಗುವಿಕೆಯನ್ನು ಕೋನಮಾಪಕ ಇಟ್ಟು ಅಳೆಯಲಿ, ಮುಷ್ಟಿಯನ್ನು ಹತ್ತು ಸಲ ಹಿಸುಕಿಸಲಿ, ಹೊಸ ಸಿ.ಟಿ. ಸ್ಕ್ಯಾನ್ ನೋಡಲಿ. ಹೀಗೆಲ್ಲ ನೋಡಿದ ಮೇಲೂ 19 ಅಂತ ಬಂದರೆ? ಇವತ್ತು ದಾರಿಯಲ್ಲಿ ಚಿಕ್ಕಪ್ಪನೇ ಇದನ್ನು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರೇ ಹೇಳಿದರು, "ಬಂದ್ರೆ ಬರ್ಲಿ ಬಿಡು. ಸರಿಯಾಗಿ ನೋಡಿದ್ರು ಅಂತಾದ್ರೂ ಆಗುತ್ತಲ್ಲ."

ನಿಮ್ಮ ಮನೆಯಲ್ಲೂ ಸೇನೆಯಿಂದ ಬಂದವರಿದ್ದು, ಇಂಥ ಪತ್ರ ಬಂದಿದ್ದರೆ, ದಯವಿಟ್ಟು ಕೊನೆಯ ಸಾಲಿನವರೆಗೂ ಓದಿ. ಆರು ತಿಂಗಳು ಅಂತ ಇರುತ್ತೆ. ಬಂದ ದಿನಾಂಕವನ್ನು ಲಕೋಟೆ ಮೇಲೆ ಬರೆದಿಡಿ. ಗಾಯದ ವರದಿ, ಬೋರ್ಡಿನ ಪ್ರತಿ, ಹಳೆಯ ಎಕ್ಸ್‌ರೇ ಯಾವುದನ್ನೂ ಎಸೆಯಬೇಡಿ. ಅವರ ಕೈಯನ್ನೂ ಒಂದು ಸಲ ಹಿಡಿದು ನೋಡಿ.

ನೋಟರಿಯವರಿಗೆ ಆಮೇಲೆ ನಾನು ವಿಷಯ ಹೇಳಿದೆ. ಪಾಪ, ಎದ್ದು ನಿಂತು ಚಿಕ್ಕಪ್ಪನಿಗೆ ಕುರ್ಚಿ ಎಳೆದುಕೊಟ್ಟರು, ಟೀ ತರಿಸಿದರು, "ಅವಸರ ಇಲ್ಲ ಸರ್, ನಾಳೆ ಬಂದು ಹಾಕಿ" ಅಂದರು. ಇನ್ನೂ ಹನ್ನೊಂದು ಪುಟ ಬಾಕಿ ಇದೆ. ಈಗ ಚಿಕ್ಕಪ್ಪ ನಮ್ಮ ಅಡುಗೆಮನೆಯಲ್ಲಿ ಬೋಗುಣಿಗೆ ಬಿಸಿನೀರು ಹಾಕಿಕೊಂಡು ಕೈ ಅದ್ದಿ ಕೂತಿದ್ದಾರೆ. ಬೆಳಿಗ್ಗೆ ಮೂರು, ತಿಂಡಿ ಆದಮೇಲೆ ಮೂರು, ಹೀಗೆ ಬಿಟ್ಟುಬಿಟ್ಟು ಹಾಕಿದರೆ ಎಲ್ಲವೂ ಒಂದೇ ಥರ ಬರುತ್ತೆ ಅಂತ ಲೆಕ್ಕ ಹಾಕ್ತಾ ಇದ್ದಾರೆ. ಒಂದೇ ಥರ ಬರೋದು ಬೇಡ ಚಿಕ್ಕಪ್ಪ, ಹೇಗೆ ಬರುತ್ತೋ ಹಾಗೇ ಹಾಕಿ ಅಂತ ನಾನು ಹೇಳ್ತಾನೇ ಇದ್ದೀನಿ. ಕೇಳ್ತಾ ಇಲ್ಲ.